72ನೇ ಬಾಣಕ್ಕೆ ತಕ್ಕ ಬಿಲ್ಲು: ಸ್ಪರ್ಧಾ ಬಿಲ್ಲಿನ ಆಯ್ಕೆಯನ್ನು ಕುರಿತ ಎರಡು ಅವಧಿಗಳ ಪಾಠ

1. ಪೀಠಿಕೆ

ಬಿಲ್ಲುಗಾರಿಕೆಯ ಪಾಠ ಯೋಜನೆ ಬರೆಯುವಾಗ ನಿಲುವು, ಹಿಡಿತ, ಸೆಳೆತ, ಗುರಿ, ಬಿಡುಗಡೆ ಎಂಬ ಕ್ರಮವನ್ನು ಅನುಸರಿಸುವುದು ನಮ್ಮ ರೂಢಿ. ಈ ಐದು ಹಂತಗಳಿಗೂ ಮೊದಲು ಇನ್ನೊಂದು ಹಂತವಿದೆ. ವಿದ್ಯಾರ್ಥಿಯ ಕೈಗೆ ಯಾವ ಬಿಲ್ಲನ್ನು ಕೊಡಬೇಕು ಎಂಬುದನ್ನು ಅಲ್ಲಿ ತೀರ್ಮಾನಿಸಬೇಕು. ಅನೇಕ ಶಾಲೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಕೊಠಡಿಯಲ್ಲಿ ಯಾವ ಬಿಲ್ಲು ಇದೆಯೋ ಅದೇ ಎಲ್ಲರ ಬಿಲ್ಲು. ಅದನ್ನು ಪೂರ್ತಿ ಎಳೆಯಬಲ್ಲವರು ತಂಡಕ್ಕೆ ಸೇರುತ್ತಾರೆ, ಎಳೆಯಲಾಗದವರು ಬದಿಯಲ್ಲಿ ನಿಂತು ಬಾಣ ಆಯ್ದು ತರುತ್ತಾರೆ. ಹೀಗೆ ಆಯ್ಕೆಯಾಗುವುದು ಮಗು, ಬಿಲ್ಲಲ್ಲ.

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಯ 9ನೇ ತರಗತಿಗೆ ನಾನು ಈ ಮೊದಲ ಹಂತವನ್ನೇ ಪಾಠವಾಗಿ ತೆಗೆದುಕೊಂಡೆ. ಅದಕ್ಕೆ ಒಂದು ತುರ್ತೂ ಇತ್ತು. ಶಾಲೆಯ ಹಳೆಯ ವಿದ್ಯಾರ್ಥಿಗಳು ಬಿಲ್ಲುಗಾರಿಕೆಗೆಂದು ಹಣ ಕೂಡಿಸಿ ಕೊಟ್ಟಿದ್ದರು. ಒಂದು ಅಂಗಡಿಯಿಂದ ಕೊಟೇಶನ್ ಕೂಡ ಬಂದಿತ್ತು: 68 ಇಂಚು ಉದ್ದದ, 30 ಪೌಂಡ್ ತೂಕದ, ಬಲಗೈಯವರ ನಾಲ್ಕು ಬಿಲ್ಲುಗಳು. ಮುಖ್ಯೋಪಾಧ್ಯಾಯರು ಸಹಿ ಹಾಕುವ ಮೊದಲು ಅದನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೆ ತೋರಿಸಿದ್ದರು, ಅವರು ನನಗೆ ತೋರಿಸಿದರು. ಇಂಥ ಹಣ ಒಂದು ಶಾಲೆಗೆ ಮತ್ತೆ ಮತ್ತೆ ಬರುವುದಿಲ್ಲ. ಆದ್ದರಿಂದ ಈ ಕೊಟೇಶನ್ನನ್ನೇ ಪಾಠದ ಕೊನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಲು ಅವರಿಬ್ಬರ ಒಪ್ಪಿಗೆ ಪಡೆದೆ.

2. ಪಾಠದ ಚೌಕಟ್ಟು

ತರಗತಿ: 9. ಅವಧಿ: ತಲಾ 40 ನಿಮಿಷದ ಎರಡು ಅವಧಿಗಳು. ಬೋಧನಾ ವಿಧಾನ: ಗುಂಪು ಚಟುವಟಿಕೆ, ಅಳತೆ, ಚರ್ಚೆ.

ಕಲಿಕೋಪಕರಣಗಳು: ಟೈಲರ್ ಟೇಪು, ಕೈಯಲ್ಲಿ ತೂಗುಹಾಕಿ ತೂಕ ನೋಡುವ ಡಿಜಿಟಲ್ ತಕ್ಕಡಿ, ನಡುವೆ ತೂತು ಮಾಡಿದ ರಟ್ಟು, ಗ್ರಾಫ್ ಹಾಳೆ, ಎರವಲು ತಂದ ಮೂರು ಬಿಲ್ಲುಗಳು. ಅವುಗಳಲ್ಲಿ ಒಂದು ಬಿದಿರಿನದು, ಒಂದು 66 ಇಂಚಿನ 20 ಪೌಂಡಿನ ರಿಕರ್ವ್, ಒಂದು 68 ಇಂಚಿನ 30 ಪೌಂಡಿನ ರಿಕರ್ವ್. ಕಾಂಪೌಂಡ್ ಬಿಲ್ಲಿನ ಚಿತ್ರವನ್ನಷ್ಟೇ ತೋರಿಸಿದೆ.

ಉದ್ದೇಶಗಳು: ಪಾಠದ ಕೊನೆಗೆ ವಿದ್ಯಾರ್ಥಿಯು (ಅ) ತನ್ನ ಪ್ರಧಾನ ಕಣ್ಣನ್ನು ಗುರುತಿಸುವನು, (ಆ) ತನ್ನ ಸೆಳೆತದ ಉದ್ದವನ್ನು ಅಂದಾಜು ಮಾಡುವನು, (ಇ) ಬಿಲ್ಲಿನ ಮೇಲೆ ನಮೂದಿಸಿದ ತೂಕಕ್ಕೂ ತನ್ನ ಬೆರಳಿಗೆ ಬರುವ ತೂಕಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವನು, (ಈ) ಅಳತೆಗಳ ಆಧಾರದಿಂದ ತನಗೆ ಹೊಂದುವ ಬಿಲ್ಲನ್ನು ಕಾರಣಸಹಿತ ಸೂಚಿಸುವನು.

ಒಂದು ಪರಿಭಾಷೆಯ ಮಾತು. ತರಬೇತುದಾರರು ‘ಡ್ರಾ ಲೆಂತ್’, ‘ಡ್ರಾ ವೇಟ್’ ಎನ್ನುವುದನ್ನು ನಾನು ತರಗತಿಯಲ್ಲಿ ಸೆಳೆತದ ಉದ್ದ, ಸೆಳೆತದ ತೂಕ ಎಂದೇ ಬಳಸಿದೆ. ಮೂಲ ಪದಗಳನ್ನೂ ಕಪ್ಪುಹಲಗೆಯ ಮೇಲೆ ಬರೆದಿಟ್ಟೆ, ಏಕೆಂದರೆ ಅಂಗಡಿಯ ಪಟ್ಟಿಯಲ್ಲಿ ಮಕ್ಕಳಿಗೆ ಸಿಗುವುದು ಅವೇ.

3. ವಿಷಯ ವಿಶ್ಲೇಷಣೆ

3.1 ಯಾವ ವಿಭಾಗಕ್ಕೆ?

ಬಿಲ್ಲು ಆರಿಸುವುದಕ್ಕಿಂತ ಮುಂಚೆ ಸ್ಪರ್ಧೆಯ ವಿಭಾಗವನ್ನು ತಿಳಿಯಬೇಕು. ನಮ್ಮ ದೇಶದ ಶಾಲಾ ಮಟ್ಟದಲ್ಲಿ ಮಕ್ಕಳು ಮೂರು ಬಗೆಯ ಬಿಲ್ಲುಗಳನ್ನು ಕಾಣುತ್ತಾರೆ. ಬಿದಿರು ಅಥವಾ ಮರದ ಸರಳ ಬಿಲ್ಲಿನಿಂದ ಆಡುವುದು ಇಂಡಿಯನ್ ರೌಂಡ್. ತುದಿಗಳು ಮುಂದಕ್ಕೆ ಬಾಗಿರುವುದು ರಿಕರ್ವ್. ತುದಿಗಳಲ್ಲಿ ಗಾಲಿಗಳಿರುವುದು ಕಾಂಪೌಂಡ್. 1972ರಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸ್‌ಗೆ ಮರಳಿ ಬಂದಾಗಿನಿಂದ ಅಲ್ಲಿ ಕಂಡಿರುವುದು ರಿಕರ್ವ್ ಮಾತ್ರ. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯನ್ನು ಸೇರಿಸಲಾಗಿದೆ. ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ 2014ರಿಂದ ಇದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕೂಟದಲ್ಲಿ ಕಾಂಪೌಂಡಿನ ಐದೂ ಚಿನ್ನಗಳು ಭಾರತಕ್ಕೆ ಬಂದವು.

ಅಂತರರಾಷ್ಟ್ರೀಯ ನಿಯಮದಂತೆ ಹೊರಾಂಗಣದಲ್ಲಿ ಹಿರಿಯರ ರಿಕರ್ವ್ ಸ್ಪರ್ಧೆ 70 ಮೀಟರ್ ದೂರದ, 122 ಸೆಂ.ಮೀ. ಅಗಲದ ಗುರಿಗೆ. ಕಾಂಪೌಂಡ್ 50 ಮೀಟರ್ ದೂರದ, 80 ಸೆಂ.ಮೀ. ಗುರಿಗೆ. ಒಳಾಂಗಣದಲ್ಲಿ ದೂರ 18 ಮೀಟರ್. ಕಾಂಪೌಂಡಿಗೆ 60 ಪೌಂಡಿನ ಮಿತಿಯಿದೆ.

ಕಾಂಪೌಂಡಿನಲ್ಲಿ ಪೂರ್ತಿ ಎಳೆದ ಮೇಲೆ ಗಾಲಿಗಳ ಸಹಾಯದಿಂದ ಕೈಗೆ ಬರುವ ಭಾರ ಬಹಳಷ್ಟು ಇಳಿಯುತ್ತದೆ. ಆದರೆ ಅದರ ಸೆಳೆತದ ಉದ್ದವನ್ನು ಒಬ್ಬೊಬ್ಬರಿಗೂ ಹೊಂದಿಸಿ ನಿಲ್ಲಿಸಬೇಕಾಗುತ್ತದೆ. ಹಲವು ಮಕ್ಕಳು ಒಂದೇ ಉಪಕರಣವನ್ನು ಹಂಚಿಕೊಳ್ಳುವ ಶಾಲೆಗೆ ರಿಕರ್ವ್ ಅಥವಾ ಬಿದಿರಿನ ಬಿಲ್ಲೇ ಅನುಕೂಲ.

3.2 ಯಾವ ಕೈ, ಯಾವ ಕಣ್ಣು?

ಬಲಗೈಯಿಂದ ಹೆದೆ ಎಳೆಯುವ ಬಿಲ್ಲು ಬಲಗೈ ಬಿಲ್ಲು. ಅದನ್ನು ಹಿಡಿಯುವುದು ಎಡಗೈ. ನಡುಭಾಗದಲ್ಲಿ ಬಾಣಕ್ಕೆಂದು ಕಡಿದ ಕಿಂಡಿ ಒಂದೇ ಬದಿಗಿರುವುದರಿಂದ ಆಧುನಿಕ ಬಿಲ್ಲನ್ನು ಮಗುಚಿ ಬಳಸುವಂತಿಲ್ಲ. ಬರೆಯುವ ಕೈ ಯಾವುದು ಎಂದು ಕೇಳಿದರೆ ಸಾಲದು, ಗುರಿ ನೋಡುವ ಕಣ್ಣು ಯಾವುದು ಎಂದೂ ನೋಡಬೇಕು. ಎರಡೂ ಒಂದೇ ಬದಿಯವಾದರೆ ಚಿಂತೆಯಿಲ್ಲ. ಬೇರೆ ಬೇರೆಯಾದರೆ, ಹೊಸದಾಗಿ ಕಲಿಯುವವರಿಗೆ ಕಣ್ಣಿನ ಬದಿಯ ಬಿಲ್ಲನ್ನು ಕೊಟ್ಟು ನೋಡುವುದು ಒಳ್ಳೆಯದು. ಅದು ತೀರಾ ಒಗ್ಗದಿದ್ದರೆ ಪ್ರಧಾನ ಕಣ್ಣನ್ನು ಮರೆಮಾಡಿ ಅಭ್ಯಾಸ ಮಾಡಿಸಬಹುದು.

3.3 ಎಷ್ಟು ಉದ್ದ?

ಎರಡೂ ತೋಳುಗಳನ್ನು ಚಾಚಿ ಮಧ್ಯಬೆರಳಿನ ತುದಿಯಿಂದ ತುದಿಗೆ ಅಳೆದು, ಬಂದ ಅಳತೆಯನ್ನು 2.5ರಿಂದ ಭಾಗಿಸಿದರೆ ಸೆಳೆತದ ಉದ್ದದ ಅಂದಾಜು ಸಿಗುತ್ತದೆ. ತೋಳಗಲ 150 ಸೆಂ.ಮೀ. ಇದ್ದರೆ 60 ಸೆಂ.ಮೀ., ಅಂದರೆ ಸುಮಾರು 23.6 ಇಂಚು, 165 ಇದ್ದರೆ ಸುಮಾರು 26 ಇಂಚು, 180 ಇದ್ದರೆ ಸುಮಾರು 28.3 ಇಂಚು. ಇದು ಆರಂಭಕ್ಕೆ ಸಾಕಾಗುವ ಅಂದಾಜು. ನಿಲುವು ಕುದುರಿದ ಮೇಲೆ ಮತ್ತೆ ಅಳೆಯಬೇಕು.

ರಿಕರ್ವ್ ಬಿಲ್ಲಿನ ಉದ್ದಕ್ಕೆ ರೂಢಿಯಲ್ಲಿರುವ ಸೂಚಿ ಹೀಗಿದೆ:

ಸೆಳೆತ 24 ಇಂಚಿನವರೆಗೆ: ಬಿಲ್ಲು 62ರಿಂದ 64 ಇಂಚು
ಸೆಳೆತ 24ರಿಂದ 26: ಬಿಲ್ಲು 64ರಿಂದ 66
ಸೆಳೆತ 26ರಿಂದ 28: ಬಿಲ್ಲು 66ರಿಂದ 68
ಸೆಳೆತ 28ರಿಂದ 30: ಬಿಲ್ಲು 68ರಿಂದ 70

ಉದ್ದ ಸೆಳೆತದವರಿಗೆ ಗಿಡ್ಡ ಬಿಲ್ಲಾದರೆ ಕೊನೆಯ ಇಂಚುಗಳಲ್ಲಿ ಭಾರ ಒಮ್ಮೆಲೇ ಏರುತ್ತದೆ, ಹೆದೆಯ ಕೋನ ಕಿರಿದಾಗಿ ಬೆರಳು ಹಿಂಡುತ್ತದೆ. ಗಿಡ್ಡ ಸೆಳೆತದವರಿಗೆ ಉದ್ದ ಬಿಲ್ಲಾದರೆ ತೋಳುಗಳು ಸಾಕಷ್ಟು ಬಾಗದೆ ಬಾಣಕ್ಕೆ ವೇಗ ಸಿಗುವುದಿಲ್ಲ.

3.4 ಎಷ್ಟು ತೂಕ?

ರಿಕರ್ವ್ ಬಿಲ್ಲಿನ ಮೇಲೆ 20 ಪೌಂಡ್ ಎಂದಿದ್ದರೆ, 28 ಇಂಚು ಎಳೆದಾಗ ಅಷ್ಟು ಎಂದರ್ಥ. ಅದಕ್ಕಿಂತ ಕಡಿಮೆ ಎಳೆಯುವವರಿಗೆ ಭಾರವೂ ಕಡಿಮೆ. ಹೊಸದಾಗಿ ಕಲಿಯುವ ಪ್ರೌಢಶಾಲೆಯ ಮಕ್ಕಳಿಗೆ ಬೆರಳಿನ ಮೇಲೆ ಸುಮಾರು 14ರಿಂದ 20 ಪೌಂಡ್ ಸಾಕು. 70 ಮೀಟರಿನಲ್ಲಿ ಸ್ಪರ್ಧಿಸುವ ಹಿರಿಯರು ಸುಮಾರು 40ರಿಂದ 50 ಪೌಂಡಿನ ಆಸುಪಾಸಿನ ಬಿಲ್ಲನ್ನು ಬಳಸುತ್ತಾರೆ. ಆದರೆ ಅವರು ಅಲ್ಲಿಗೆ ವರ್ಷಗಟ್ಟಲೆ ಅಭ್ಯಾಸದಿಂದ, ಒಮ್ಮೆಗೆ ಎರಡೆರಡು ಪೌಂಡಿನಂತೆ ಏರಿ ಬಂದವರು.

4. ಪಾಠದ ನಿರ್ವಹಣೆ

ಮೊದಲ ಅವಧಿ

ಪೂರ್ವಜ್ಞಾನವನ್ನು ತಿಳಿಯಲು ‘ಒಳ್ಳೆಯ ಬಿಲ್ಲು ಯಾವುದು?’ ಎಂದು ಕೇಳಿದೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಬೊಟ್ಟು ಮಾಡಿದವು: ಗಟ್ಟಿಯಾದದ್ದು, ದೊಡ್ಡದು, ಯಾರಿಗೂ ಎಳೆಯಲಾಗದ್ದು. ಒಬ್ಬ ಹುಡುಗ ಸೀತಾ ಸ್ವಯಂವರದ ಶಿವಧನುಸ್ಸನ್ನು ನೆನಪಿಸಿದ. ಇದು ಸಹಜವಾದ ಪೂರ್ವಕಲ್ಪನೆ. ಹರಿಕಥೆ, ಯಕ್ಷಗಾನ, ಟಿ.ವಿ. ಧಾರಾವಾಹಿಗಳಲ್ಲಿ ನಮ್ಮ ಮಕ್ಕಳು ನೋಡಿದ ಬಿಲ್ಲು ವೀರನನ್ನು ಪರೀಕ್ಷಿಸುವ ಬಿಲ್ಲು. ಸ್ಪರ್ಧೆಯ ಬಿಲ್ಲಿನ ಕೆಲಸ ಬೇರೆ. ಈ ಕಲ್ಪನೆಯನ್ನು ನಾನು ಕೂಡಲೇ ತಿದ್ದಲಿಲ್ಲ. ಉತ್ತರಗಳನ್ನು ಹಲಗೆಯ ಒಂದು ಮೂಲೆಯಲ್ಲಿ ಬರೆದು, ಎರಡನೆಯ ಅವಧಿಯ ಕೊನೆಯವರೆಗೂ ಅಳಿಸದೆ ಬಿಟ್ಟೆ.

ಅದರ ಎದುರಿಗೆ ಒಂದು ಉದಾಹರಣೆಯನ್ನಷ್ಟೇ ಇಟ್ಟೆ. ಜಮ್ಮು-ಕಾಶ್ಮೀರದ ಕಿಶ್ತವಾಡದ ಶೀತಲ್ ದೇವಿ ಅವರಿಗೆ ಹುಟ್ಟಿನಿಂದ ತೋಳುಗಳಿಲ್ಲ. ಅವರು ಬಲಗಾಲಿನಿಂದ ಬಿಲ್ಲು ಹಿಡಿದು, ಭುಜಕ್ಕೆ ಕಟ್ಟಿದ ಸಾಧನದಿಂದ ಹೆದೆ ಎಳೆಯುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಅವರೊಂದಿಗೆ ಕಾಂಪೌಂಡ್ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ‘ಇಲ್ಲಿ ಯಾರಿಗೆ ಯಾರು ಹೊಂದಿಕೊಂಡರು, ಬಿಲ್ಲಿಗೆ ಅವರೋ, ಅವರಿಗೆ ಬಿಲ್ಲೋ?’ ಎಂದು ಕೇಳಿ, ಉತ್ತರವನ್ನು ಹೇಳದೆ ಚಟುವಟಿಕೆಗೆ ಹೋದೆ.

ನಾಲ್ಕು ಗುಂಪುಗಳು ಎರಡು ಕೆಲಸ ಮಾಡಿದವು. ಒಂದು, ರಟ್ಟಿನ ತೂತಿನ ಮೂಲಕ ಎರಡೂ ಕಣ್ಣು ತೆರೆದು ದೂರದ ಗಡಿಯಾರವನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿ ಪ್ರಧಾನ ಕಣ್ಣನ್ನು ಗುರುತಿಸುವುದು. ಇನ್ನೊಂದು, ಗೋಡೆಗೆ ಬೆನ್ನು ಕೊಟ್ಟು ನಿಂತು ತೋಳಗಲವನ್ನು ಅಳೆದು, ಭಾಗಾಕಾರ ಮಾಡಿ, ಇಂಚಿಗೆ ಪರಿವರ್ತಿಸುವುದು.

ಇಲ್ಲಿ ಎರಡು ಸಂಗತಿಗಳು ಗಮನ ಸೆಳೆದವು. ಬಲಗೈಯಲ್ಲಿ ಬರೆಯುವ ಒಬ್ಬ ಹುಡುಗನ ಪ್ರಧಾನ ಕಣ್ಣು ಎಡದ್ದಾಗಿತ್ತು. ‘ಕಲ್ಲು ಯಾವ ಕೈಯಲ್ಲಿ ಎಸೀತೀಯ?’ ಎಂದು ಕೇಳಿದೆ. ‘ಎಡಗೈಲಿ ಮಿಸ್. ಬರೆಯೋದೂ ಮೊದಲು ಅದರಲ್ಲೇ ಇತ್ತು, ಮನೇಲಿ ಬಿಡಿಸಿದ್ರು’ ಎಂದ. ಕೊಟೇಶನ್ನಿನ ನಾಲ್ಕು ಬಿಲ್ಲುಗಳಲ್ಲಿ ಅವನಿಗೆ ಒಂದೂ ಇರಲಿಲ್ಲ. ಎರಡನೆಯದು, ತರಗತಿಯಲ್ಲೇ ತೋಳಗಲ ಕಡಿಮೆಯಿದ್ದ ಒಬ್ಬ ಹುಡುಗಿ ತನ್ನ ಅಳತೆಯನ್ನು ಬರೆಯದೆ ಹಾಳೆಯನ್ನು ಮಡಚಿಟ್ಟಿದ್ದಳು. ‘ನಂಗೆ ಬಿಲ್ಲು ಆಗಲ್ಲ ಅನ್ಸುತ್ತೆ ಮಿಸ್’ ಎಂದಳು. ಆಕೆಯ ತೋಳಗಲ 145 ಸೆಂ.ಮೀ., ಅಂದರೆ ಸೆಳೆತ ಸುಮಾರು 22.8 ಇಂಚು. ಸೂಚಿಯಲ್ಲಿ ಅದಕ್ಕೂ ಒಂದು ಸಾಲಿದೆ ಎಂದು ಅವಳೇ ಹುಡುಕಿ ಓದಿದಳು.

ಎರಡನೆಯ ಅವಧಿ

ತಕ್ಕಡಿಯ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಬಿಲ್ಲಿನ ಹಿಡಿಕೆಯನ್ನು ಒಬ್ಬರು ಬಿಗಿಯಾಗಿ ಒತ್ತಿಹಿಡಿದು, ಇನ್ನೊಬ್ಬರು ನಿಧಾನವಾಗಿ ಎಳೆಯಬೇಕು. ಎಷ್ಟು ಇಂಚು ಎಂಬುದನ್ನು ಗುರುತು ಮಾಡಿದ ಕಡ್ಡಿಯಲ್ಲಿ ಮೂರನೆಯವರು ಓದಬೇಕು. ಈ ಕೆಲಸವನ್ನು ದೈಹಿಕ ಶಿಕ್ಷಣ ಶಿಕ್ಷಕರೂ ನಾನೂ ಮಾಡಿದೆವು, ಮಕ್ಕಳು ಅಂಕಿಗಳನ್ನು ಬರೆದುಕೊಂಡರು. 20 ಪೌಂಡಿನ ಬಿಲ್ಲು ತೋರಿಸಿದ್ದು ಹೀಗೆ: 22 ಇಂಚಿಗೆ 6 ಕಿಲೋ, 24ಕ್ಕೆ 7, 26ಕ್ಕೆ 8, 28ಕ್ಕೆ 9.1. ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಸೇರಿಸಿದಾಗ ಹೆಚ್ಚುಕಡಿಮೆ ಸರಳರೇಖೆ ಬಂತು. ಒಂದೇ ಬಿಲ್ಲು ಇಬ್ಬರಿಗೆ ಒಂದೇ ಬಿಲ್ಲಲ್ಲ ಎಂಬ ಮಾತನ್ನು ನಾನು ಹೇಳಬೇಕಾಗಲಿಲ್ಲ, ಮಕ್ಕಳು ತಮ್ಮ ತಮ್ಮ ಸೆಳೆತದ ಉದ್ದವನ್ನು ಗ್ರಾಫಿನಲ್ಲಿ ಹುಡುಕಿ ತಮ್ಮ ಭಾರವನ್ನು ಓದಿಕೊಂಡರು. 30 ಪೌಂಡಿನ ಬಿಲ್ಲು 24 ಇಂಚಿಗೆ 10.5 ಕಿಲೋ ತೋರಿಸಿತು.

‘ಹತ್ತು ಕಿಲೋ ತಾನೆ, ನೀರಿನ ಬಿಂದಿಗೆ ಎತ್ತಲ್ವಾ ನಾವು?’ ಎಂದು ಒಬ್ಬಳು ಕೇಳಿದಳು. ಪಾಠದ ತಿರುಳಿಗೆ ಬಾಗಿಲು ತೆರೆದ ಪ್ರಶ್ನೆಯಿದು. ಹೊರಾಂಗಣ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 72 ಬಾಣಗಳಿವೆ. ಬಾಣಕ್ಕೆ ಹೆಚ್ಚೆಂದರೆ 10 ಅಂಕ, ಒಟ್ಟು 720. ಮೊದಲ ಬಾಣಕ್ಕೂ ಕೊನೆಯ ಬಾಣಕ್ಕೂ ಅಂಕದ ಬೆಲೆ ಒಂದೇ. ಹಾಗಿದ್ದರೆ ಗುಣಿಸಿ ನೋಡೋಣ ಎಂದೆ. 24 ಇಂಚು ಎಳೆಯುವ ಮಗುವಿಗೆ ಹಗುರ ಬಿಲ್ಲಿನಲ್ಲಿ 72 x 7 = 504. ಭಾರದ ಬಿಲ್ಲಿನಲ್ಲಿ 72 x 10.5 = 756. ‘ಏಳೂವರೆ ಕ್ವಿಂಟಾಲ್! ಲಾರಿಗೆ ರಾಗಿ ಮೂಟೆ ಹಾಕೋ ಲೆಕ್ಕ ಆಯ್ತಲ್ಲ ಮಿಸ್’ ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಇದಕ್ಕೆ ಸ್ಪರ್ಧೆಗೆ ಮುಂಚಿನ ಅಭ್ಯಾಸದ ಬಾಣಗಳೂ ಸೇರುತ್ತವೆ.

ಈ ಗುಣಾಕಾರ ಭೌತವಿಜ್ಞಾನದ ಅರ್ಥದಲ್ಲಿ ಕೆಲಸದ ಮೊತ್ತವಲ್ಲ ಎಂಬುದನ್ನು ಅಲ್ಲೇ ಸ್ಪಷ್ಟಪಡಿಸಿದೆ. ಕೆಲಸ ಎನ್ನಬೇಕಾದರೆ ಬಲದ ಜೊತೆಗೆ ಸ್ಥಾನಪಲ್ಲಟವೂ ಲೆಕ್ಕಕ್ಕೆ ಬರಬೇಕು. ಗ್ರಾಫಿನ ರೇಖೆಯ ಕೆಳಗಿನ ವಿಸ್ತೀರ್ಣವೇ ಬಿಲ್ಲಿನಲ್ಲಿ ಸಂಗ್ರಹವಾಗುವ ಶಕ್ತಿ ಎಂಬ ಸುಳಿವು ಕೊಟ್ಟು, ಉಳಿದದ್ದನ್ನು ವಿಜ್ಞಾನ ಶಿಕ್ಷಕರ ‘ಕೆಲಸ ಮತ್ತು ಶಕ್ತಿ’ ಪಾಠಕ್ಕೆ ಬಿಟ್ಟೆ. ಇಲ್ಲಿ ಗುಣಾಕಾರದ ಉದ್ದೇಶ ಒಂದೇ: ಆಯ್ಕೆಯನ್ನು ಮೊದಲ ಬಾಣದಿಂದ ಕೊನೆಯ ಬಾಣಕ್ಕೆ ಸರಿಸುವುದು.

ಕೊನೆಯ 15 ನಿಮಿಷ ಮೈದಾನದಲ್ಲಿ. ಹುಲ್ಲಿನ ಗುರಿಫಲಕದ ಎದುರು, ಉಳಿದವರೆಲ್ಲ ಹಿಂದಿನ ಗೆರೆಯಾಚೆ ನಿಂತಿರುವಾಗ, ಒಬ್ಬೊಬ್ಬರೇ ಬಾಣ ಹೂಡಿ ಪೂರ್ತಿ ಎಳೆದು, ಮನಸ್ಸಿನಲ್ಲೇ ಹತ್ತು ಎಣಿಸಿ, ಬಾಣ ಬಿಡದೆ ನಿಧಾನವಾಗಿ ಹಿಂತಿರುಗಿಸಬೇಕು. ಪಕ್ಕದಲ್ಲಿ ಶಿಕ್ಷಕರಿರಬೇಕು. ನೋಡುವವರ ಕೈಯಲ್ಲಿ ಈ ಪಟ್ಟಿ ಇತ್ತು:

- ಎಳೆಯಲು ಬಿಲ್ಲನ್ನು ಆಕಾಶಕ್ಕೆ ಎತ್ತಿದರೇ?
- ಸೊಂಟ ಹಿಂದಕ್ಕೆ ವಾಲಿತೇ?
- ಬಿಲ್ಲು ಹಿಡಿದ ಭುಜ ಕಿವಿಯ ಕಡೆಗೆ ಏರಿತೇ?
- ಹೆದೆ ಗಲ್ಲಕ್ಕೆ ಬರುವ ಬದಲು ಗಲ್ಲವೇ ಹೆದೆಯ ಕಡೆಗೆ ಹೋಯಿತೇ?
- ಹತ್ತು ಎಣಿಸುವ ಮೊದಲೇ ಕೈ ನಡುಗಿತೇ?

ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಆ ಬಿಲ್ಲು ಆ ಮಗುವಿಗೆ ಸದ್ಯಕ್ಕೆ ಭಾರ. ತರಗತಿಯ ಅತ್ಯಂತ ಗಟ್ಟಿಮುಟ್ಟಾದ ಹುಡುಗ 30 ಪೌಂಡಿನ ಬಿಲ್ಲನ್ನು ಎಳೆದ, ಹೌದು. ಆದರೆ ಅವನ ಗೆಳೆಯರೇ ಪಟ್ಟಿಯಲ್ಲಿ ಮೂರು ಕಡೆ ಗುರುತು ಹಾಕಿದರು. 20 ಪೌಂಡಿನದನ್ನು ಕೊಟ್ಟಾಗ ಒಂದೂ ಗುರುತು ಬೀಳಲಿಲ್ಲ. ‘ಇದೇ ಸರಿ’ ಎಂದು ಅವನೇ ಹೇಳಿದ. ಗೆಳೆಯರ ಎದುರಿಗೆ ಹಗುರವಾದ ಬಿಲ್ಲನ್ನು ಒಪ್ಪಿಕೊಳ್ಳುವುದು ಆ ವಯಸ್ಸಿಗೆ ಸಣ್ಣ ಮಾತಲ್ಲ. ಶಿಕ್ಷಕರು ಹೇಳಿದ್ದರೆ ಅದು ಅವಮಾನವಾಗುತ್ತಿತ್ತೇನೋ. ಪಟ್ಟಿ ಹೇಳಿದ್ದರಿಂದ ಅದು ಅಳತೆಯಾಯಿತು.

5. ಮೌಲ್ಯಮಾಪನ

ಅಂಗಡಿಯ ಹೆಸರನ್ನು ಮರೆಮಾಡಿ ಕೊಟೇಶನ್ನನ್ನು ಹಲಗೆಯ ಮೇಲೆ ಬರೆದೆ. ‘ನಮ್ಮ ತರಗತಿಯ ಅಳತೆಗಳನ್ನು ನೋಡಿ, ಇದನ್ನು ಒಪ್ಪಬಹುದೇ? ಕಾರಣಸಹಿತ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ’ ಎಂಬುದು ಗುಂಪು ಚಟುವಟಿಕೆ. ನಾಲ್ಕೂ ಗುಂಪುಗಳು 30 ಪೌಂಡನ್ನು ನಿರಾಕರಿಸಿದವು. ಮೂರು ಗುಂಪುಗಳು ಉದ್ದ ಒಂದೇ ಇರುವುದನ್ನೂ ಆಕ್ಷೇಪಿಸಿದವು. ಎರಡು ಗುಂಪುಗಳು ಎಡಗೈ ಬಿಲ್ಲು ಬೇಕೆಂದು ಬರೆದವು.

ಪತ್ರಗಳನ್ನು ಒಟ್ಟುಗೂಡಿಸಿದಾಗ ಬಂದ ಶಿಫಾರಸು ಇದು: ಬಿಚ್ಚಿ ಜೋಡಿಸುವ ಬಿಲ್ಲುಗಳನ್ನೇ ಕೊಳ್ಳುವುದು. 66 ಇಂಚಿನವು ಎರಡು, 62 ಇಂಚಿನದು ಒಂದು, ಎಡಗೈಯವರಿಗೆ 66 ಇಂಚಿನದು ಒಂದು. ಎಲ್ಲವೂ ಒಂದೇ ತಯಾರಕರ ಒಂದೇ ಮಾದರಿಯವು. ತೋಳುಗಳು 16 ಮತ್ತು 20 ಪೌಂಡಿನವು. ಮಕ್ಕಳು ಬಲಿತಂತೆ ತೋಳುಗಳನ್ನಷ್ಟೇ ಬದಲಿಸುವುದು, ನಡುಭಾಗ ಉಳಿಯುವುದು. ಮುಖ್ಯೋಪಾಧ್ಯಾಯರು ಪತ್ರಗಳನ್ನು ಓದಿ, ಕೊಟೇಶನ್ನನ್ನು ತಿದ್ದಿ ಕಳಿಸುವಂತೆ ಅಂಗಡಿಗೆ ಬರೆದರು.

6. ಅವಲೋಕನದ ಚರ್ಚೆ

ಪಾಠ ವೀಕ್ಷಿಸಿದ ನಮ್ಮ ಮಾರ್ಗದರ್ಶಕರು ಅವಲೋಕನಾ ಪುಸ್ತಕದಲ್ಲಿ ಒಂದು ಪ್ರಶ್ನೆ ಬರೆದರು: ‘ಎರಡು ಅವಧಿಗಳಲ್ಲಿ ಒಂದೂ ಬಾಣ ಬಿಡಿಸಲಿಲ್ಲ. ಮಕ್ಕಳ ಉತ್ಸಾಹ ಕುಗ್ಗದೇ?’ ಚರ್ಚೆಯಲ್ಲಿ ನಾನು ಹೇಳಿದ್ದಿಷ್ಟು. ಬಾಣ ಬಿಡುವ ಆಸೆ ಮಕ್ಕಳಲ್ಲಿ ತಾನಾಗಿ ಇರುತ್ತದೆ, ಅದನ್ನು ನಾವು ಹುಟ್ಟಿಸಬೇಕಿಲ್ಲ. ಕಾಯುವುದಕ್ಕೆ ಅರ್ಥ ಕೊಡುವುದು ನಮ್ಮ ಕೆಲಸ. ಭಾರದ ಬಿಲ್ಲಿನಲ್ಲಿ ಆರಂಭಿಸಿದ ಮಗು ಮೊದಲ ದಿನವೇ ವಾಲುವುದನ್ನು, ಭುಜ ಎತ್ತುವುದನ್ನು, ಅವಸರದಲ್ಲಿ ಬಿಡುವುದನ್ನು ಕಲಿಯುತ್ತದೆ. ಅದನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಜೊತೆಗೆ, ಬೆಳೆಯುವ ವಯಸ್ಸಿನ ಭುಜದ ಕೀಲಿಗೆ ಮತ್ತೆ ಮತ್ತೆ ಬೀಳುವ ಅತಿಭಾರ ನೋವಾಗಿ ಉಳಿಯಬಹುದು. ನೋವು ಬಂದ ಮಗು ಆಟವನ್ನೇ ಬಿಡುತ್ತದೆ.

ಅವರು ಇನ್ನೊಂದು ಅಂಶ ಸೇರಿಸಿದರು: ಹಗುರ ಬಿಲ್ಲು ದೂರಕ್ಕೆ ಸಾಲದು, ಹಾಗಾದರೆ ಸ್ಪರ್ಧೆಯ ಮಾತೇನು? ನಿಜ, 16 ಪೌಂಡಿನಲ್ಲಿ 70 ಮೀಟರ್ ಆಡುವುದಾಗದು. ಅದಕ್ಕೇ ದೂರವೂ ತೂಕವೂ ಒಟ್ಟಿಗೆ ಏರಬೇಕು. 10 ಮೀಟರಿನಲ್ಲಿ ಬಾಣಗಳು ಒಂದೆಡೆ ಗುಂಪಾಗಿ ಬೀಳತೊಡಗಿದ ಮೇಲೆ 18, ಆಮೇಲೆ ಮುಂದಿನದು. ಹತ್ತು ಎಣಿಸುವ ಪರೀಕ್ಷೆಯಲ್ಲಿ ಅಭ್ಯಾಸದ ಕೊನೆಯಲ್ಲೂ ತೇರ್ಗಡೆಯಾದವರಿಗೆ ಎರಡು ಪೌಂಡ್ ಏರಿಕೆ. ಅಭ್ಯಾಸದ ಆರಂಭದಲ್ಲಲ್ಲ, ಕೊನೆಯಲ್ಲಿ ಎಂಬುದನ್ನು ಅವರು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಒಪ್ಪಿದರು.

7. ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ತೆಗೆದುಕೊಳ್ಳುವವರು ಕೆಲವು ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

ಬಾಣವಿಲ್ಲದೆ ಎಳೆದ ಹೆದೆಯನ್ನು ಎಂದೂ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ತಿರುಗಿ ತೋಳು ಸೀಳಬಹುದು. ಕಾಂಪೌಂಡಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಬಾಣವನ್ನೂ ಬಿಲ್ಲಿನೊಂದಿಗೇ ಆರಿಸಬೇಕು. ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಎಂಬುದು ಬಿಲ್ಲಿನ ತೂಕಕ್ಕೆ ಹೊಂದಬೇಕು. ಕಲಿಯುವವರಿಗೆ ಅವರ ಸೆಳೆತಕ್ಕಿಂತ ಒಂದೆರಡು ಇಂಚು ಉದ್ದದ ಬಾಣ ಸುರಕ್ಷಿತ. ಗಿಡ್ಡ ಬಾಣ ಆಸರೆಯಿಂದ ಹಿಂದೆ ಜಾರಿ ಕೈಗೆ ತಗಲುವ ಭಯವಿದೆ.

ಹಣ ಕಡಿಮೆಯಿದ್ದರೆ ಬಿಲ್ಲಿನ ಸಂಖ್ಯೆಯನ್ನು ಇಳಿಸಿ, ತೋಳುರಕ್ಷೆ, ಬೆರಳುರಕ್ಷೆ, ಗಟ್ಟಿಯಾದ ಗುರಿಫಲಕಗಳನ್ನು ಉಳಿಸಿಕೊಳ್ಳಿ. ಬಿದಿರಿನ ಬಿಲ್ಲನ್ನು ಕೀಳಾಗಿ ಕಾಣಬೇಡಿ. ಕಿಂಡಿ ಕಡಿಯದ ಬಿಲ್ಲು ಎರಡೂ ಕೈಗೆ ಒದಗುತ್ತದೆ. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2010ರಲ್ಲಿ ಚಿನ್ನ ಗೆದ್ದ ಜಾರ್ಖಂಡಿನ ದೀಪಿಕಾ ಕುಮಾರಿ ಅವರೂ ಬಿದಿರಿನ ಬಿಲ್ಲಿನಿಂದಲೇ ಆರಂಭಿಸಿದವರು.

ತೋಳಗಲವನ್ನು ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. 9ನೇ ತರಗತಿಯ ಮಗುವಿನ ಇಂದಿನ ಬಿಲ್ಲು ಮುಂದಿನ ಜೂನ್‌ಗೆ ಅದರದ್ದಾಗಿ ಉಳಿದಿರಲಾರದು. ಅಳತೆಯ ಪಟ್ಟಿಯನ್ನು ಕ್ರೀಡಾ ಕೊಠಡಿಯ ಬಾಗಿಲಿಗೆ ಅಂಟಿಸಿ, ಮಕ್ಕಳೇ ತುಂಬಲಿ. ನಮ್ಮ ಬೋಧನಾಭ್ಯಾಸ ಮುಗಿದು ನಾವು ಶಾಲೆ ಬಿಟ್ಟ ಮೇಲೂ ಆ ಪಟ್ಟಿ ಅಲ್ಲಿರುತ್ತದೆ. ಮುಂದಿನ ಕೊಟೇಶನ್ ಬಂದಾಗ ಅದನ್ನು ಓದಬಲ್ಲ ಒಂದು ತರಗತಿಯೂ ಇರುತ್ತದೆ.